ಪಾವಗಡದ ಮೈದಾನಕ್ಕೆ ಹೆಲಿಕಾಪ್ಟರ್ ಆಂಬುಲೆನ್ಸ್ ಬರಬೇಕಾದರೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಪಾವಗಡದಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್. ಟ್ರ್ಯಾಕ್ಟರ್ ಮಗುಚಿ ತಲೆಗೂ ಎದೆಗೂ ಪೆಟ್ಟಾದ ಯುವಕನೊಬ್ಬನನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ಮೆದುಳಿನಲ್ಲಿ ರಕ್ತಸ್ರಾವವಾಗಿರಬಹುದೆಂದು ವೈದ್ಯರಿಗೆ ಸಂಶಯ. ನರಶಸ್ತ್ರಚಿಕಿತ್ಸೆ ಇರುವುದು ಬೆಂಗಳೂರಿನಲ್ಲಿ. ರಸ್ತೆಯ ಮೂಲಕ ಮೂರು ಗಂಟೆಗೂ ಹೆಚ್ಚಿನ ದಾರಿ. 'ಹೆಲಿಕಾಪ್ಟರ್ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ' ಎಂದು ಅಲ್ಲಿ ನಿಂತವರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ.

ಈ ಮಾತು ನಿಜವೇ? ಹೆಲಿಕಾಪ್ಟರ್ ಇದ್ದರೆ ಸಾಕೇ? ಅದು ಹೊರಡುವ ಮೊದಲು, ಇಳಿಯುವ ಮೊದಲು, ರೋಗಿಯನ್ನು ಒಳಗೆ ಮಲಗಿಸುವ ಮೊದಲು ಏನೇನು ಸಿದ್ಧತೆ ಆಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಮಗೆ ಬೇಕಾದದ್ದು ಬಹುಮಟ್ಟಿಗೆ ಪ್ರೌಢಶಾಲೆ ಮತ್ತು ಪಿಯುಸಿಯ ಭೌತಶಾಸ್ತ್ರವೇ. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕೋಣ. ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ. ಆದ್ದರಿಂದ ಈ ಲೆಕ್ಕ ನಮಗೆ ತೀರ ದೂರದ್ದೇನೂ ಅಲ್ಲ.

ಬರ್ಮಾದ ಕಾಡಿನಲ್ಲಿ ಕಲಿತ ಪಾಠ

ಗಾಯಾಳುಗಳನ್ನು ಯುದ್ಧಭೂಮಿಯಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ತಂದ ಮೊದಲ ಪ್ರಸಂಗ ನಡೆದದ್ದು ನಮ್ಮ ನೆರೆಯಲ್ಲೇ. 1944ರ ಏಪ್ರಿಲ್‌ನಲ್ಲಿ ಅಮೆರಿಕದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಎಂಬ ಚಾಲಕ ಅಸ್ಸಾಮಿನ ಲಾಲಾಘಾಟಿನಿಂದ ಹೊರಟು, ಬರ್ಮಾದ ಕಾಡಿನಲ್ಲಿ ಸಿಕ್ಕಿಬಿದ್ದಿದ್ದ ಒಬ್ಬ ವಿಮಾನ ಚಾಲಕನನ್ನೂ ಮೂವರು ಗಾಯಗೊಂಡ ಬ್ರಿಟಿಷ್ ಸೈನಿಕರನ್ನೂ ಪಾರುಮಾಡಿದ. ಯಂತ್ರ ಸಿಕೋರ್ಸ್ಕಿ ಕಂಪನಿಯ ವೈ.ಆರ್.-4 ಮಾದರಿ. ಅವನು ನಾಲ್ವರನ್ನೂ ಒಟ್ಟಿಗೆ ತರಲಿಲ್ಲ. ಒಂದು ಸಲಕ್ಕೆ ಒಬ್ಬರಂತೆ ಮತ್ತೆ ಮತ್ತೆ ಹೋಗಿಬಂದ. ಬಿಸಿಯಾದ ತೇವದ ಗಾಳಿಯಲ್ಲಿ ಆ ಪುಟ್ಟ ಎಂಜಿನ್ನು ಅದಕ್ಕಿಂತ ಹೆಚ್ಚು ಭಾರ ಎತ್ತಲಾರದೆ ಹೋಯಿತು. ಕಾದು ಕೆಂಡವಾಗಿ ನಡುವೆ ನಿಲ್ಲಿಸಬೇಕಾಯಿತು.

ಎಂಬತ್ತು ವರ್ಷಗಳಲ್ಲಿ ಎಂಜಿನ್ನು ಬದಲಾಗಿದೆ, ಗಾಳಿಯ ಗುಣ ಬದಲಾಗಿಲ್ಲ.

ಬಿಸಿಗಾಳಿ ಏಕೆ ತೆಳುವು?

ಹೆಲಿಕಾಪ್ಟರಿನ ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ; ಪ್ರತಿಯಾಗಿ ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಪ್ರತಿ ಸೆಕೆಂಡಿಗೆ ಎಷ್ಟು ಕಿಲೋಗ್ರಾಂ ಗಾಳಿಯನ್ನು ಎಷ್ಟು ವೇಗದಿಂದ ತಳ್ಳುತ್ತೇವೆ ಎಂಬುದರ ಮೇಲೆ ಎತ್ತುವ ಬಲ ನಿಂತಿದೆ. ಗಾಳಿಯ ಸಾಂದ್ರತೆ ಕಡಿಮೆಯಾದರೆ ಅದೇ ಬಲ ಪಡೆಯಲು ಹೆಚ್ಚು ವೇಗದಿಂದ ತಳ್ಳಬೇಕು, ಅಂದರೆ ಹೆಚ್ಚು ಸಾಮರ್ಥ್ಯ ವ್ಯಯಿಸಬೇಕು.

ಪಾವಗಡ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ವಾಯುಭಾರ ಸುಮಾರು 938 ಹೆಕ್ಟೊಪ್ಯಾಸ್ಕಲ್. ವೈಮಾನಿಕರು ಬಳಸುವ 'ಪ್ರಮಾಣ ವಾತಾವರಣ'ದ ಪ್ರಕಾರ ಸಮುದ್ರಮಟ್ಟದಲ್ಲಿ ಉಷ್ಣತೆ 15 ಡಿಗ್ರಿ. ಪ್ರತಿ ಕಿಲೋಮೀಟರ್ ಮೇಲೇರಿದಂತೆ 6.5 ಡಿಗ್ರಿ ಇಳಿಕೆ. ಹಾಗಾದರೆ 650 ಮೀಟರಿನಲ್ಲಿ ಸುಮಾರು 11 ಡಿಗ್ರಿ ಇರಬೇಕಿತ್ತು. ನಮ್ಮ ಮಧ್ಯಾಹ್ನದ ಉಷ್ಣತೆ 40, ಅಂದರೆ ಪ್ರಮಾಣಕ್ಕಿಂತ 29 ಡಿಗ್ರಿ ಹೆಚ್ಚು. ಹೀಗೆ ಹೆಚ್ಚಾದ ಪ್ರತಿ ಡಿಗ್ರಿಗೆ ಎತ್ತರದ ಲೆಕ್ಕಕ್ಕೆ ಸುಮಾರು 36 ಮೀಟರ್ ಸೇರಿಸಬೇಕೆಂಬುದು ಚಾಲಕರ ಸ್ಥೂಲ ಸೂತ್ರ. 29ನ್ನು 36ರಿಂದ ಗುಣಿಸಿ 650ಕ್ಕೆ ಕೂಡಿಸಿದರೆ ಸುಮಾರು 1,700 ಮೀಟರ್ ಬರುತ್ತದೆ. ಇದಕ್ಕೆ 'ಸಾಂದ್ರತಾ ಎತ್ತರ' ಎಂದು ಹೆಸರು. ನೆಲ ಇರುವುದು 650 ಮೀಟರಿನಲ್ಲಿ. ಆದರೆ ರೋಟರಿನ ಪಾಲಿಗೆ ಪಾವಗಡದ ಮೈದಾನ ಮಧುಗಿರಿಯ ಏಕಶಿಲಾ ಬೆಟ್ಟದ ತುದಿಗಿಂತಲೂ ಐನೂರು ಮೀಟರ್ ಮೇಲಿದೆ! ಅದೇ ಮೈದಾನ ಬೆಳಗಿನ ಆರು ಗಂಟೆಗೆ, 24 ಡಿಗ್ರಿಯಲ್ಲಿ, ಕೇವಲ 1,100 ಮೀಟರ್ ಚಿಲ್ಲರೆಗೆ ಇಳಿದಿರುತ್ತದೆ.

ಸಾಂದ್ರತೆಯನ್ನು ಅನಿಲ ಸಮೀಕರಣದಿಂದ ನೀವೇ ಕಂಡುಹಿಡಿಯಬಹುದು. ಸಮುದ್ರಮಟ್ಟದ ಪ್ರಮಾಣ ಸಾಂದ್ರತೆ ಘನ ಮೀಟರಿಗೆ 1.225 ಕಿ.ಗ್ರಾಂ. ನಮ್ಮ ಮಧ್ಯಾಹ್ನ ಅದು ಸುಮಾರು 1.04. ಶೇಕಡಾ 15ರಷ್ಟು ಇಳಿಕೆ.

ಈಗ 2,600 ಕಿ.ಗ್ರಾಂ ತೂಗುವ, 11 ಮೀಟರ್ ವ್ಯಾಸದ ರೋಟರುಳ್ಳ ಒಂದು ಹೆಲಿಕಾಪ್ಟರನ್ನು ಕಲ್ಪಿಸಿಕೊಳ್ಳೋಣ. ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಬೇಕಾದರೆ ರೋಟರಿನ ಮೂಲಕ ಹರಿಯುವ ಗಾಳಿಯ ವೇಗ ಎಷ್ಟಿರಬೇಕು? ತೂಕವನ್ನು (ನ್ಯೂಟನ್‌ಗಳಲ್ಲಿ) ಸಾಂದ್ರತೆ ಮತ್ತು ರೋಟರಿನ ವಿಸ್ತೀರ್ಣಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಪ್ರಮಾಣ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 10.5 ಮೀಟರ್, ಪಾವಗಡದ ಮಧ್ಯಾಹ್ನ ಸುಮಾರು 11.4 ಮೀಟರ್ ಬರುತ್ತದೆ. ವೇಗವನ್ನು ತೂಕದಿಂದ ಗುಣಿಸಿದರೆ ಬೇಕಾದ ಕನಿಷ್ಠ ಸಾಮರ್ಥ್ಯ ಸಿಗುತ್ತದೆ: ಮೊದಲನೆಯದಕ್ಕೆ ಸುಮಾರು 267 ಕಿಲೋವ್ಯಾಟ್, ಎರಡನೆಯದಕ್ಕೆ ಸುಮಾರು 289. ಇದು ಆದರ್ಶ ರೋಟರಿನ ಲೆಕ್ಕ. ಅಲಗುಗಳ ಘರ್ಷಣೆ, ಬಾಲದ ರೋಟರ್ ಎಲ್ಲ ಸೇರಿ ನಿಜವಾದ ಅಗತ್ಯ ಇನ್ನೂ ಹೆಚ್ಚು. ಇತ್ತ ಬೇಡಿಕೆ ಏರುತ್ತಿದ್ದರೆ ಅತ್ತ ಎಂಜಿನ್ನಿನ ಶಕ್ತಿ ಇಳಿಯುತ್ತಿರುತ್ತದೆ. ಏಕೆಂದರೆ ಅದು ಉಸಿರಾಡುವುದೂ ಅದೇ ತೆಳುಗಾಳಿಯನ್ನು. ಈ ಎರಡು ರೇಖೆಗಳು ಎಲ್ಲಿ ಸಂಧಿಸುತ್ತವೆ ಎಂಬುದನ್ನು ತಯಾರಕರು ಪರೀಕ್ಷೆ ಮಾಡಿ ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲಿ ನಕ್ಷೆಗಳಾಗಿ ಕೊಟ್ಟಿರುತ್ತಾರೆ. ಹೊರಡುವ ಮೊದಲು ಚಾಲಕ ನೋಡುವ ಮೊದಲ ಪುಟಗಳಲ್ಲಿ ಅದೂ ಒಂದು.

ಮೂವತ್ತು ಕಿಲೋ ಉಳಿತಾಯ

ತೂಕದ ಲೆಕ್ಕ ಹೀಗಿರುತ್ತದೆ. ಅಂಕಿಗಳು ಉದಾಹರಣೆಗಾಗಿ ದುಂಡಗೆ ಮಾಡಿಕೊಂಡವು. ವೈದ್ಯಕೀಯ ಉಪಕರಣಗಳನ್ನು ಜೋಡಿಸಿದ ಖಾಲಿ ಹೆಲಿಕಾಪ್ಟರ್ 2,050 ಕಿ.ಗ್ರಾಂ. ಚಾಲಕ 85. ವೈದ್ಯರು ಮತ್ತು ದಾದಿ ಸೇರಿ 145. ಇಂಧನ ಎಷ್ಟು? ಬೆಂಗಳೂರಿನಿಂದ ಪಾವಗಡಕ್ಕೆ ವಾಯುಮಾರ್ಗದಲ್ಲಿ ಸುಮಾರು 130 ಕಿ.ಮೀ. ಗಂಟೆಗೆ 220 ಕಿ.ಮೀ. ವೇಗದಲ್ಲಿ ಸುಮಾರು 36 ನಿಮಿಷ. ಗಂಟೆಗೆ 200 ಕಿ.ಗ್ರಾಂ ಇಂಧನ ಉರಿಯುವುದಾದರೆ ಹೋಗಲು 120, ಬರಲು 120, ಅರ್ಧ ಗಂಟೆಯ ಕಾಯ್ದಿರಿಸಿದ ಇಂಧನ 100, ಒಟ್ಟು 340. ಪಾವಗಡ ತಲಪುವಾಗ ಇದರಲ್ಲಿ 120 ಉರಿದುಹೋಗಿ 220 ಉಳಿದಿರುತ್ತದೆ. ರೋಗಿಯ ತೂಕ 70. ಎಲ್ಲ ಕೂಡಿಸಿದರೆ ಪಾವಗಡದಿಂದ ಮೇಲೇಳುವಾಗಿನ ತೂಕ 2,570 ಕಿ.ಗ್ರಾಂ.

ಆ ಶಾಖದಲ್ಲಿ, ಸುತ್ತ ಕಟ್ಟಡಗಳಿರುವ ಆ ಮೈದಾನದಿಂದ ನೇರ ಮೇಲೇಳಲು ಕೈಪಿಡಿಯ ಮಿತಿ 2,600 ಎಂದಿದೆ ಎಂದುಕೊಳ್ಳಿ. ಉಳಿದದ್ದು ಮೂವತ್ತು ಕಿಲೋ.

ಈಗ ರೋಗಿಯ ತಾಯಿ ಬಾಗಿಲ ಬಳಿ ನಿಂತು 'ನಾನೂ ಬತ್ತೀನಿ ಸ್ವಾಮಿ, ಒಬ್ಬನ್ನೇ ಹೆಂಗೆ ಕಳಿಸ್ಲಿ' ಎಂದು ಕೇಳುತ್ತಾಳೆ. ಆಸ್ಪತ್ರೆಯ ಆಂಬುಲೆನ್ಸ್ ಆಗಿದ್ದರೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಇಲ್ಲಿ ಚಾಲಕ ಇಲ್ಲ ಎನ್ನಲೇಬೇಕು. ಇದು ಕಲ್ಲುಮನಸ್ಸಲ್ಲ, ಕೂಡುವ ಲೆಕ್ಕ. ಆದರೆ ಆ ಕ್ಷಣದಲ್ಲಿ ಅದನ್ನು ಕೂಡುವ ಲೆಕ್ಕವೆಂದು ವಿವರಿಸುವುದು ಸುಲಭವಲ್ಲ. ಅದಕ್ಕೇ ಹೆಲಿಕಾಪ್ಟರ್ ಬರುವ ಮೊದಲೇ ಆಸ್ಪತ್ರೆಯವರು ಮನೆಯವರಿಗೆ ತಿಳಿಸಿ, ಅವರನ್ನು ರಸ್ತೆಯ ಮೂಲಕ ಹೊರಡಿಸಿಬಿಡುವುದು ಒಳ್ಳೆಯದು.

ತೂಕ ಎಷ್ಟೆಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಹೆಲಿಕಾಪ್ಟರ್ ಎಂದರೆ ರೋಟರಿನ ಕಂಬಕ್ಕೆ ನೇತುಹಾಕಿದ ತಕ್ಕಡಿಯಂತೆ. ಗುರುತ್ವಕೇಂದ್ರ ಆ ಕಂಬದ ಹತ್ತಿರದಲ್ಲೇ, ಹಿಂದಕ್ಕೂ ಮುಂದಕ್ಕೂ ಸುಮಾರು ಒಂದು ಗೇಣಿನ ಒಳಗೆ ಇರಬೇಕು. 70 ಕಿ.ಗ್ರಾಂ ರೋಗಿಯನ್ನು 1.5 ಮೀಟರ್ ಹಿಂದಕ್ಕೆ ಸರಿಸಿದರೆ ಭ್ರಾಮಕದಲ್ಲಿ ಆಗುವ ಬದಲಾವಣೆ 105 ಕಿ.ಗ್ರಾಂ-ಮೀಟರ್. ಒಟ್ಟು ತೂಕ 2,570ರಿಂದ ಭಾಗಿಸಿದರೆ ಗುರುತ್ವಕೇಂದ್ರ ಸರಿಯುವುದು ಸುಮಾರು 4 ಸೆಂ.ಮೀ. ಇದೊಂದೇ ಆದರೆ ಅಪಾಯವಿಲ್ಲ. ಆದರೆ ಆಮ್ಲಜನಕದ ಸಿಲಿಂಡರುಗಳನ್ನೂ ಬ್ಯಾಗುಗಳನ್ನೂ 'ಅಲ್ಲೇ ಹಿಂದೆ ಹಾಕಿ' ಎಂದು ಒಂದೇ ಕಡೆ ತುರುಕಿದರೆ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಮಿತಿ ಮೀರಿದಾಗ ಚಾಲಕ ನಿಯಂತ್ರಣ ದಂಡವನ್ನು ಕೊನೆಯವರೆಗೆ ತಳ್ಳಿದರೂ ಮೂಗು ಕೆಳಗಾಗುವುದಿಲ್ಲ.

ಯಂತ್ರದ ಸುತ್ತ ಒಂದು ಪ್ರದಕ್ಷಿಣೆ

ಕರೆ ಬಂದ ಮೇಲೆ ತಪಾಸಣೆಗೆ ತೊಡಗಿದರೆ ತಡವಾಗುತ್ತದೆ. ಆದ್ದರಿಂದ ಪಾಳಿ ಶುರುವಾಗುತ್ತಿದ್ದಂತೆಯೇ ಚಾಲಕ ಮತ್ತು ತಂತ್ರಜ್ಞ ಯಂತ್ರದ ಸುತ್ತ ಬಂದು ಒಂದೊಂದನ್ನೂ ಕಣ್ಣಿನಿಂದ, ಕೈಯಿಂದ ಮುಟ್ಟಿ ನೋಡುತ್ತಾರೆ. ಅಲಗುಗಳ ಅಂಚಿನಲ್ಲಿ ಸೀಳಿದೆಯೇ, ತೈಲ ಸೋರಿದೆಯೇ, ಮುಚ್ಚಳಗಳ ಕೊಂಡಿ ಬಿದ್ದಿವೆಯೇ, ಎಂಜಿನ್ನಿನ ಗಾಳಿದ್ವಾರದ ಹೊದಿಕೆ ತೆಗೆದಿದೆಯೇ. ಇಂಧನ ತೊಟ್ಟಿಯ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಪಾತ್ರೆಗೆ ಇಳಿಸಿ ಬೆಳಕಿಗೆ ಹಿಡಿಯುತ್ತಾರೆ. ನೀರು ಸೇರಿದ್ದರೆ ಅದು ಇಂಧನಕ್ಕಿಂತ ಸಾಂದ್ರವಾದ್ದರಿಂದ ತಳದಲ್ಲಿ ಗುಳ್ಳೆಯಾಗಿ ಕಾಣುತ್ತದೆ. ಗೇರುಪೆಟ್ಟಿಗೆಯ ತೈಲದಲ್ಲಿ ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ಒಳಗಿನ ಹಲ್ಲುಚಕ್ರ ಸವೆದು ಉಕ್ಕಿನ ಚೂರು ತೈಲಕ್ಕೆ ಬಿದ್ದರೆ ಅದು ಈ ಅಯಸ್ಕಾಂತಕ್ಕೆ ಅಂಟಿ ವಿದ್ಯುನ್ಮಂಡಲ ಪೂರ್ಣಗೊಂಡು ಚಾಲಕನ ಮುಂದೆ ದೀಪ ಹತ್ತುತ್ತದೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ!

ಎಲ್ಲವೂ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ 1992ರ ಆಗಸ್ಟ್ 20ರಂದು ಮೊದಲ ಬಾರಿ ಹಾರಿದ 'ಧ್ರುವ' ನಮ್ಮಲ್ಲೇ ವಿನ್ಯಾಸಗೊಂಡ ಹೆಲಿಕಾಪ್ಟರ್. ಸ್ಟ್ರೆಚರುಗಳನ್ನು ಜೋಡಿಸಿ ರೋಗಿಗಳನ್ನು ಸಾಗಿಸಲು ಅದರಲ್ಲಿ ಅನುಕೂಲವಿದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಒಂದು ಧ್ರುವ ಬಿದ್ದು ಮೂವರು ಸತ್ತರು. ಸ್ವಾಶ್ ಪ್ಲೇಟ್ ಎಂಬ ಭಾಗ ಮುರಿದಿದ್ದುದು ಕಂಡುಬಂತು. ಚಾಲಕನ ದಂಡದ ಚಲನೆಯನ್ನು ತಿರುಗುವ ಅಲಗುಗಳಿಗೆ ತಲಪಿಸುವ ತಟ್ಟೆ ಇದು. ಇದಾದ ಮೇಲೆ ದೇಶದ ಎಲ್ಲ ಧ್ರುವಗಳನ್ನೂ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿ ಪರೀಕ್ಷಿಸಲಾಯಿತು. ದಿನನಿತ್ಯದ ಪ್ರದಕ್ಷಿಣೆಗೂ, ಗಂಟೆಗಳ ಲೆಕ್ಕದಲ್ಲಿ ಭಾಗಗಳನ್ನು ಬಿಚ್ಚಿ ನೋಡುವ ಪರೀಕ್ಷೆಗೂ ಇರುವ ವ್ಯತ್ಯಾಸ ಇಲ್ಲಿದೆ. ಮೊದಲನೆಯದು ಎರಡನೆಯದಕ್ಕೆ ಬದಲಿಯಲ್ಲ.

ಇಳಿಯುವ ನೆಲ

ನನ್ನ ಅಭಿಪ್ರಾಯದಲ್ಲಿ ನಮ್ಮ ತಾಲ್ಲೂಕುಗಳಲ್ಲಿ ಅತ್ಯಂತ ಕಡಿಮೆ ಗಮನ ಸಿಗುವುದೂ, ಶಾಲೆಗಳು ಅತ್ಯಂತ ಹೆಚ್ಚು ನೆರವಾಗಬಹುದಾದದ್ದೂ ಇದೇ ವಿಷಯದಲ್ಲಿ.

ರೋಟರಿನ ಮೂಲಕ ಹರಿದ ಗಾಳಿ ಕೆಳಗೆ ಹೋದಂತೆ ಇನ್ನೂ ವೇಗ ಪಡೆಯುತ್ತದೆ. ಕೊನೆಗೆ ಅದು ಸುಮಾರು ಇಮ್ಮಡಿಯಾಗುತ್ತದೆ. ಮೇಲೆ ಲೆಕ್ಕ ಹಾಕಿದ 11.4ನ್ನು ಇಮ್ಮಡಿಸಿ ಗಂಟೆಗೆ ಪರಿವರ್ತಿಸಿದರೆ 82 ಕಿ.ಮೀ. ಬಿರುಗಾಳಿಯೆಂದೇ ಕರೆಯಬಹುದಾದ ವೇಗ! ಈ ಗಾಳಿ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡುತ್ತದೆ. ಕಡಲೆಕಾಯಿ ಹೊಟ್ಟು, ತಗಡು, ಶಾಮಿಯಾನ, ಪ್ಲಾಸ್ಟಿಕ್ ಹಾಳೆ ಎಲ್ಲವೂ ಮೇಲೇಳುತ್ತವೆ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿದ್ದ ಹೆಲಿಕಾಪ್ಟರ್ ಇಳಿಯುತ್ತಿದ್ದಾಗ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಚೀಲಗಳು ಹಾರಿಬಂದವು. ಚಾಲಕ ಇಳಿಯುವುದನ್ನು ಕೈಬಿಟ್ಟು ಮೇಲೇರಿದರು. ಜಾಗ ಚೊಕ್ಕಟವಾದ ಮೇಲೆ ಇಳಿದರು. ಆ ದೃಶ್ಯವನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಗಣ್ಯರು ಬರುವರೆಂದು ಮೊದಲೇ ಗೊತ್ತಿದ್ದ ಹೆಲಿಪ್ಯಾಡಿನ ಕಥೆ ಇದು. ಗಾಯಾಳುವಿಗಾಗಿ ಅರ್ಧ ಗಂಟೆಯಲ್ಲಿ ಗುರುತಿಸಿದ ಮೈದಾನದ ಸ್ಥಿತಿಯನ್ನು ಊಹಿಸಿಕೊಳ್ಳಿ.

ಒಣನೆಲದಲ್ಲಿ ಇನ್ನೊಂದು ತೊಂದರೆ ಇದೆ. ಇಳಿಯುವ ಕೊನೆಯ ಕೆಲವು ಮೀಟರುಗಳಲ್ಲಿ ಕೆಂಪು ಧೂಳು ಎದ್ದು ಚಾಲಕನ ಸುತ್ತ ಪರದೆ ಕಟ್ಟುತ್ತದೆ. ನೆಲ ಕಾಣದಾಗ ಹೆಲಿಕಾಪ್ಟರ್ ಪಕ್ಕಕ್ಕೆ ಸರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಹುಲ್ಲುನೆಲ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ನೀರು ಚಿಮುಕಿಸಬೇಕು. ಟ್ಯಾಂಕರ್ ನೀರಿಗಾಗಿ ಬಿಂದಿಗೆ ಹಿಡಿದು ಕಾದ ದಿನಗಳ ನೆನಪಿರುವ ಪಾವಗಡದಲ್ಲಿ ಮೈದಾನಕ್ಕೆ ನೀರು ಸುರಿಯಿರಿ ಎಂದು ಬರೆಯಲು ಲೇಖನಿ ಹಿಂಜರಿಯುತ್ತದೆ. ಆದರೆ ಧೂಳನ್ನು ಕೂರಿಸಲು ಅದಕ್ಕಿಂತ ಸುಲಭದ ಉಪಾಯ ಇಲ್ಲ.

ಜಾಗ ಎಷ್ಟು ಬೇಕು? ಈ ಗಾತ್ರದ ಹೆಲಿಕಾಪ್ಟರಿಗೆ ಹಗಲಿನಲ್ಲಿ ಸುಮಾರು 30 ಮೀಟರ್ ಉದ್ದ, 30 ಮೀಟರ್ ಅಗಲದ ಸಮನೆಲ. ರಾತ್ರಿಗೆ ಇನ್ನೂ ಹೆಚ್ಚು. ಬಹುತೇಕ ಪ್ರೌಢಶಾಲೆಗಳ ಮೈದಾನ ಇದಕ್ಕೆ ಸಾಕು. ಆದರೆ ನೆಲ ಅಳೆದರೆ ಮುಗಿಯಲಿಲ್ಲ, ತಲೆಯೆತ್ತಿಯೂ ನೋಡಬೇಕು. ಹೆಲಿಕಾಪ್ಟರಿಗೆ ಮರಕ್ಕಿಂತ ತಂತಿ ಅಪಾಯಕಾರಿ. ಏಕೆಂದರೆ ಮರ ದೂರದಿಂದ ಕಾಣುತ್ತದೆ, ತಂತಿ ಕಾಣುವುದಿಲ್ಲ. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಉದ್ಯಾನವಿದೆ. ಅಲ್ಲಿಂದ ಹೊರಡುವ ಅಧಿಕ ವೋಲ್ಟೇಜಿನ ಮಾರ್ಗಗಳಿವೆ. ಚಾಲಕರು ಸಾಮಾನ್ಯವಾಗಿ ತಂತಿಯನ್ನಲ್ಲ, ಗೋಪುರಗಳನ್ನು ಹುಡುಕುತ್ತಾರೆ. ಎರಡು ಗೋಪುರ ಕಂಡರೆ ನಡುವೆ ತಂತಿ ಇದೆಯೆಂದೇ ಲೆಕ್ಕ. ಮಧುಗಿರಿ ಬೆಟ್ಟ, ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಸಿದ್ದರಬೆಟ್ಟಗಳು ದೂರದಿಂದಲೇ ಕಾಣುವುದರಿಂದ ಹಗಲಿನಲ್ಲಿ ದಾರಿಗುರುತಾಗಿ ನೆರವಾಗುತ್ತವೆ. ಮೋಡ ಕವಿದಾಗ ಅವೇ ಅಡ್ಡಗೋಡೆಗಳು. ಹಕ್ಕಿಗಳ ವಿಷಯವೂ ಹೀಗೆಯೇ: 2023ರ ಮೇ 2ರಂದು ಹೊಸಕೋಟೆಯ ಬಳಿ ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹದ್ದು ಬಡಿದು ಮುಂದಿನ ಗಾಜು ಒಡೆದು, ಚಾಲಕ ತುರ್ತಾಗಿ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಇಳಿಸಬೇಕಾಯಿತು. ಕೋಳಿ, ಕುರಿ ಅಂಗಡಿಗಳ ತ್ಯಾಜ್ಯ ಸುರಿಯುವ ಜಾಗದ ಪಕ್ಕದಲ್ಲಿ ಮೈದಾನ ಗುರುತಿಸಬಾರದು ಎಂಬುದಕ್ಕೆ ಇಷ್ಟು ಕಾರಣ ಸಾಕು.

ಮೈದಾನದ ಅಕ್ಷಾಂಶ ರೇಖಾಂಶಗಳನ್ನು ಮೊಬೈಲಿನಲ್ಲಿ ನೋಡಿ ತಿಳಿಸುವಾಗ ಒಂದು ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಪಾವಗಡದ ಅಕ್ಷಾಂಶ ಸುಮಾರು 14.10 ಡಿಗ್ರಿ. ಇದನ್ನು ಫೋನಿನಲ್ಲಿ 'ಹದಿನಾಲ್ಕು, ಹತ್ತು' ಎಂದರೆ ಕೇಳಿದವರು 14 ಡಿಗ್ರಿ 10 ಮಿನಿಟ್ ಎಂದು ಬರೆದುಕೊಳ್ಳಬಹುದು. ನಿಜವಾಗಿ 0.10 ಡಿಗ್ರಿ ಎಂದರೆ 6 ಮಿನಿಟ್. ವ್ಯತ್ಯಾಸ 4 ಮಿನಿಟ್. ಅಕ್ಷಾಂಶದ ಒಂದು ಮಿನಿಟ್ ಎಂದರೆ ಒಂದು ನಾವಿಕ ಮೈಲಿ, 1.852 ಕಿ.ಮೀ. ಅಂದರೆ ಹೆಲಿಕಾಪ್ಟರ್ ಏಳು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ಹುಡುಕುತ್ತದೆ. ಭೂಗೋಳದ ತರಗತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ? ನಿಮ್ಮ ಶಾಲೆಯ ಮೈದಾನದ ಅಕ್ಷಾಂಶ, ರೇಖಾಂಶ, ಅಳತೆ, ಸುತ್ತಲಿನ ಕಂಬ, ತಂತಿ, ಮರ, ನೀರಿನ ತೊಟ್ಟಿಗಳ ದಿಕ್ಕು ಮತ್ತು ಎತ್ತರಗಳನ್ನು ಮಕ್ಕಳಿಂದಲೇ ಅಳೆಯಿಸಿ ಒಂದು ನಕ್ಷೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಕೊಡಬಹುದು. ಎತ್ತರ ಅಳೆಯಲು ತ್ರಿಕೋನಮಿತಿ ಇದೆಯಲ್ಲ!

ಹೆಲಿಕಾಪ್ಟರ್ ಇಳಿದ ಮೇಲೆ ಜನರನ್ನು ತಡೆಯುವುದೇ ದೊಡ್ಡ ಕೆಲಸ. ಹಿಂಬದಿಯ ಪುಟ್ಟ ರೋಟರ್ ತಿರುಗುವಾಗ ಕಣ್ಣಿಗೆ ಕಾಣಿಸುವುದೇ ಇಲ್ಲ. ಆದ್ದರಿಂದ ಹಿಂದಿನಿಂದ ಎಂದೂ ಹೋಗಬಾರದು. ಚಾಲಕನಿಗೆ ಕಾಣುವಂತೆ ಮುಂದಿನಿಂದ ಅಥವಾ ಪಕ್ಕದಿಂದ, ಅವನ ಸನ್ನೆ ಸಿಕ್ಕ ಮೇಲೆ ಬಾಗಿ ಹೋಗಬೇಕು. ನೆಲ ಇಳಿಜಾರಾಗಿದ್ದರೆ ತಗ್ಗಿನ ಕಡೆಯಿಂದಲೇ ಹೋಗಬೇಕು. ಎತ್ತರದ ಕಡೆ ಅಲಗು ನೆಲಕ್ಕೆ ಹತ್ತಿರ ಬರುತ್ತದೆ. ಡ್ರಿಪ್ ಬಾಟಲಿಯನ್ನು ತಲೆಯ ಮೇಲೆತ್ತಿ ಓಡುವ ಅಭ್ಯಾಸ ಆಸ್ಪತ್ರೆಯ ಪಡಸಾಲೆಯಲ್ಲಿ ಸರಿ, ಇಲ್ಲಿ ಸಲ್ಲದು. ಸಾಧ್ಯವಾದರೆ ಎಂಜಿನ್ ನಿಲ್ಲಿಸಿಯೇ ರೋಗಿಯನ್ನು ಹತ್ತಿಸುವುದು ಕ್ಷೇಮ.

ರೋಗಿಯನ್ನು ಸಿದ್ಧಪಡಿಸುವುದು

ಹಾರುವ ಹೆಲಿಕಾಪ್ಟರಿನೊಳಗೆ ಸ್ಟೆತಾಸ್ಕೋಪಿನಿಂದ ಏನೂ ಕೇಳಿಸುವುದಿಲ್ಲ. ಕಂಪನದಿಂದಾಗಿ ನಾಡಿ ಹಿಡಿದು ನೋಡುವುದೂ ಕಷ್ಟ. ಜಾಗ ಎಷ್ಟು ಇಕ್ಕಟ್ಟೆಂದರೆ ಉಸಿರ್ನಾಳಕ್ಕೆ ಕೊಳವೆ ಹಾಕುವಂಥ ಕೆಲಸ ಬಹಳ ಕಷ್ಟ. ಹಾಗಾಗಿ ದಾರಿಯಲ್ಲಿ ಬೇಕಾಗಬಹುದು ಎನಿಸಿದ್ದನ್ನೆಲ್ಲ ನೆಲದ ಮೇಲೇ ಮಾಡಿ ಮುಗಿಸಬೇಕು: ಉಸಿರ್ದಾರಿ ಭದ್ರಪಡಿಸುವುದು, ಎರಡು ಕಡೆ ರಕ್ತನಾಳಕ್ಕೆ ಸೂಜಿ ಹಾಕಿ ಅಂಟಿಸುವುದು, ಮೂಳೆ ಮುರಿದ ಕಡೆ ಪಟ್ಟಿ ಕಟ್ಟುವುದು, ವಾಂತಿಯಾಗದಂತೆ ಹೊಟ್ಟೆ ಖಾಲಿ ಮಾಡುವುದು. ರೋಗಿಯ ಕಿವಿಗೂ ಸದ್ದು ತಡೆಯುವ ಹೊದಿಕೆ ಬೇಕು, ಪ್ರಜ್ಞೆಯಿಲ್ಲದವರಿಗೂ ಬೇಕು. ಹಾರುವಾಗ ನೆಚ್ಚಬೇಕಾದದ್ದು ಹೃದಯದ ಲಯ, ರಕ್ತದ ಆಮ್ಲಜನಕ, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡುಗಳನ್ನು ತೋರಿಸುವ ಪರದೆಗಳನ್ನು. ಆ ಉಪಕರಣಗಳು ಹೆಲಿಕಾಪ್ಟರಿನ ರೇಡಿಯೊ ಮತ್ತು ದಿಕ್ಸೂಚಿಗಳಿಗೆ ತೊಡಕಾಗುವುದಿಲ್ಲ ಎಂದು ಮೊದಲೇ ಪರೀಕ್ಷಿಸಿರಬೇಕು.

ನಮ್ಮ ಯುವಕನ ಪಕ್ಕೆಲುಬು ಮುರಿದಿದೆ ಎಂದುಕೊಂಡೆವು. ಮುರಿದ ಮೂಳೆ ಶ್ವಾಸಕೋಶಕ್ಕೆ ಚುಚ್ಚಿದ್ದರೆ ಗಾಳಿ ಸೋರಿ ಎದೆಗೂಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಈ ಗಾಳಿ ಹಿಗ್ಗುತ್ತದೆ. ಬಾಯ್ಲನ ನಿಯಮ. ಎಷ್ಟು ಹಿಗ್ಗುತ್ತದೆ? ಮಧುಗಿರಿಯ ಬೆಟ್ಟ ಸುಮಾರು 1,190 ಮೀಟರ್. ಅದನ್ನು ದಾಟಲು ಹೆಲಿಕಾಪ್ಟರ್ ಸಮುದ್ರಮಟ್ಟದಿಂದ 1,500 ಮೀಟರಿನಲ್ಲಿ ಹಾರಿದರೆ ಅಲ್ಲಿನ ಒತ್ತಡ ಸುಮಾರು 846 ಹೆಕ್ಟೊಪ್ಯಾಸ್ಕಲ್. 938ನ್ನು 846ರಿಂದ ಭಾಗಿಸಿ: 1.11. ಅಂದರೆ ಶೇಕಡಾ 11ರಷ್ಟು ಹಿಗ್ಗುವಿಕೆ. ಜೆಟ್ ವಿಮಾನಗಳ ಬಗ್ಗೆ ಬರೆದ ಪುಸ್ತಕಗಳು ಹೆದರಿಸುವಷ್ಟು ಇದು ದೊಡ್ಡದಲ್ಲ. ಆದರೆ ಈಗಾಗಲೇ ಒತ್ತಡಕ್ಕೆ ಸಿಕ್ಕಿರುವ ಶ್ವಾಸಕೋಶಕ್ಕೆ ಅಷ್ಟೂ ಹೆಚ್ಚೇ. ಮೇಲಾಗಿ ಸೋರಿಕೆ ಹಾರುವಾಗಲೂ ಮುಂದುವರಿಯುತ್ತಿರುತ್ತದೆ. ಆದ್ದರಿಂದ ಹೊರಡುವ ಮೊದಲೇ ಎದೆಗೆ ಕೊಳವೆ ಹಾಕಿ ಗಾಳಿಗೆ ದಾರಿ ಮಾಡುತ್ತಾರೆ. ತರಗತಿಯಲ್ಲಿ ಇದನ್ನು ತೋರಿಸಲು 50 ಮಿಲಿಲೀಟರಿನ ಸಿರಿಂಜ್ ಸಾಕು. ಒಳಗೆ ಚೂರು ಗಾಳಿ ತುಂಬಿ ಕಟ್ಟಿದ ಪುಟ್ಟ ಬಲೂನನ್ನಿಟ್ಟು, ತುದಿಯನ್ನು ಬೆರಳಿನಿಂದ ಮುಚ್ಚಿ, ಕೊಂತವನ್ನು ಹಿಂದಕ್ಕೆಳೆಯಿರಿ. ಬಲೂನು ಉಬ್ಬುವುದನ್ನು ಮಕ್ಕಳು ಮರೆಯುವುದಿಲ್ಲ.

ಆಮ್ಲಜನಕದ ಲೆಕ್ಕವೂ ಬಾಯ್ಲನದೇ. 10 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 150 ವಾಯುಭಾರದ ಒತ್ತಡವಿದ್ದರೆ ಹೊರಗೆ ಅದು 1,500 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ 150 ನಿಮಿಷ. ಹಾಸಿಗೆಯಿಂದ ಹಾಸಿಗೆಯವರೆಗಿನ ಸಮಯ 86 ನಿಮಿಷ ಎಂದುಕೊಳ್ಳೋಣ: ಹತ್ತಿಸಲು 20, ಹಾರಲು 36, ಇಳಿದ ಮೇಲೆ ಆಸ್ಪತ್ರೆಗೆ 30. ಸಿಲಿಂಡರ್ ಸಾಕಾದಂತೆ ಕಾಣುತ್ತದೆ. ಆದರೆ ತಡವಾದೀತೆಂದು ಇಮ್ಮಡಿ ಸಮಯಕ್ಕೆ ಲೆಕ್ಕ ಹಾಕುವುದು ಎಚ್ಚರಿಕೆಯ ಕ್ರಮ. 172 ನಿಮಿಷಕ್ಕೆ ಒಂದು ಸಾಲದು, ಎರಡನೆಯದು ಬೇಕು. ಎರಡನೆಯದು ಬಂದರೆ ತೂಕ ಏರುತ್ತದೆ. ಆ ಮೂವತ್ತು ಕಿಲೋದಲ್ಲಿ ಹೋದದ್ದು ಇದು! ಸಿಲಿಂಡರುಗಳನ್ನು ಭದ್ರವಾಗಿ ಬಿಗಿಯಬೇಕೆಂದು ಬೇರೆ ಹೇಳಬೇಕಿಲ್ಲ.

ಹೋಗಬೇಕೇ, ಬೇಡವೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಿದ್ಧತೆಗೆ 15 ನಿಮಿಷ, ಬರಲು 36, ಹತ್ತಿಸಲು 20, ಮರಳಲು 36. ಆಸ್ಪತ್ರೆಯ ಮೇಲೆಯೇ ಇಳಿಯುವ ವ್ಯವಸ್ಥೆ ಇಲ್ಲದಿದ್ದರೆ ಜಕ್ಕೂರಿನಂಥ ವಿಮಾನತಾಣದಲ್ಲಿ ಇಳಿದು ರಸ್ತೆಯಲ್ಲಿ ಇನ್ನೊಂದು 30. ಒಟ್ಟು 137 ನಿಮಿಷ. 'ಅರ್ಧ ಗಂಟೆ' ಎಲ್ಲಿ ಹೋಯಿತು? ಆದರೂ ಪಾವಗಡಕ್ಕೆ ಸುಮಾರು ಒಂದು ಗಂಟೆಯ ಲಾಭ ಇದೆ. ಮಧುಗಿರಿಗೆ ವಾಯುಮಾರ್ಗ ಸುಮಾರು 90 ಕಿ.ಮೀ.; ಲಾಭ ಅರ್ಧ ಗಂಟೆಯ ಆಸುಪಾಸು. ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಸಿರಾಕ್ಕೆ ಇದೇ ಲೆಕ್ಕದಲ್ಲಿ 129 ನಿಮಿಷ ಬರುತ್ತದೆ. ಒಳ್ಳೆಯ ರಸ್ತೆಯ ಆಂಬುಲೆನ್ಸಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಕೊರಟಗೆರೆಗಂತೂ ಹೆಲಿಕಾಪ್ಟರ್ ಬರುವಷ್ಟರಲ್ಲಿ ರೋಗಿ ತುಮಕೂರನ್ನು ದಾಟಿರುತ್ತಾನೆ. ಅಂದರೆ ನಾಲ್ಕು ತಾಲ್ಲೂಕುಗಳಲ್ಲಿ ಹೆಲಿಕಾಪ್ಟರ್ ನಿಜವಾಗಿ ಬೇಕಾದದ್ದು ಪಾವಗಡಕ್ಕೆ. ಗಾಳಿ ಕಾದು ತೆಳುವಾಗುವ, ನೆಲ ಧೂಳಾಗುವ ಪಾವಗಡಕ್ಕೆ.

ಹಾವು ಕಚ್ಚಿದವರಿಗೆ ಮೊದಲು ಬೇಕಾದದ್ದು ಹತ್ತಿರದ ಆಸ್ಪತ್ರೆಯಲ್ಲಿ ಪ್ರತಿವಿಷ; ಹೆಲಿಕಾಪ್ಟರಿಗಾಗಿ ಕಾಯುವುದು ಅಪಾಯ. ಹೆರಿಗೆ ಸಮೀಪಿಸಿದ್ದರೆ ನೆಲದ ಮೇಲೇ ಹೆರಿಗೆ ಮಾಡಿಸಿ ನಂತರ ಸಾಗಿಸುವುದು ಸರಿ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರಂಭವಾದ 108 ಸೇವೆಯ ವಾಹನವೇ ಬಹುತೇಕ ಸಂದರ್ಭಗಳಲ್ಲಿ ಸರಿಯಾದ ಆಯ್ಕೆ.

ಕೊನೆಯ ತೀರ್ಮಾನ ಚಾಲಕನದು. ಹವೆ, ತೂಕ, ನೆಲ ಇವನ್ನು ನೋಡಿ ಅವನು 'ಆಗದು' ಎಂದರೆ ಆಗದು. ಹಲವು ದೇಶಗಳಲ್ಲಿ ರೋಗಿ ಮಗುವೋ ಮುದುಕರೋ, ಸ್ಥಿತಿ ಎಷ್ಟು ಗಂಭೀರ ಎಂಬುದನ್ನು ಚಾಲಕನಿಗೆ ಹೇಳದೆಯೇ 'ಇಂಥ ಜಾಗಕ್ಕೆ ಹಾರಬಹುದೇ?' ಎಂದಷ್ಟೇ ಕೇಳುವ ಪದ್ಧತಿ ಇದೆ. ಕನಿಕರ ಲೆಕ್ಕವನ್ನು ತಿದ್ದಬಾರದೆಂದು. ಹೃಷಿಕೇಶದ ಏಮ್ಸ್ ಆಸ್ಪತ್ರೆಯಲ್ಲಿ 2024ರ ಅಕ್ಟೋಬರ್ 29ರಂದು ಹೆಲಿಕಾಪ್ಟರ್ ತುರ್ತುಸೇವೆ ಉದ್ಘಾಟನೆಯಾಯಿತು. 2025ರ ಮೇ 17ರಂದು ಅದರ ಹೆಲಿಕಾಪ್ಟರ್ ರೋಗಿಯೊಬ್ಬರನ್ನು ತರಲು ಕೇದಾರನಾಥಕ್ಕೆ ಹೋಗಿ ಇಳಿಯುವಾಗ ಬಾಲ ಮುರಿಯಿತು. ಒಳಗಿದ್ದ ಮೂವರೂ ಪಾರಾದರು. ಪಾವಗಡದ ಕಾದ ಬಯಲು ಬೇರೆ, ಕೇದಾರನಾಥದ ಎತ್ತರ ಬೇರೆ. ತೆಳುಗಾಳಿ ಎರಡೂ ಕಡೆ ಇದೆ.

ರೋಗಿಯನ್ನು ಒಪ್ಪಿಸಿ ಹೆಲಿಕಾಪ್ಟರ್ ನೆಲೆಗೆ ಮರಳಿದ ಮೇಲೂ ಕೆಲಸವಿದೆ. ನೆಲಹಾಸಿನ ಸಂದುಗಳಿಗೆ ರಕ್ತ ಇಳಿದಿದ್ದರೆ ತೊಳೆಯಬೇಕು. ಸೋಂಕಿನ ಭಯ ಒಂದು. ರಕ್ತದಲ್ಲಿನ ಉಪ್ಪು ಅಲ್ಯೂಮಿನಿಯಮ್ ಲೋಹವನ್ನು ತಿನ್ನುತ್ತದೆ ಎಂಬುದು ಇನ್ನೊಂದು. ಸಿಲಿಂಡರಿನ ಮುಳ್ಳು ಎಷ್ಟಕ್ಕೆ ಇಳಿದಿದೆ ಎಂದು ಬರೆದಿಟ್ಟು ತುಂಬಿದ್ದನ್ನು ಜೋಡಿಸಬೇಕು, ಬ್ಯಾಟರಿಗಳನ್ನು ಚಾರ್ಜಿಗೆ ಹಾಕಬೇಕು, ಇಂಧನ ತುಂಬಿಸಿ ಮತ್ತೆ ತಳದಿಂದ ಒಂದಿಷ್ಟನ್ನು ಗಾಜಿನ ಪಾತ್ರೆಗೆ ಇಳಿಸಿ ಬೆಳಕಿಗೆ ಹಿಡಿಯಬೇಕು. ಅಲಗುಗಳಿಗೆ ಮೆತ್ತಿದ ಪಾವಗಡದ ಕೆಂಪು ಧೂಳನ್ನು ಒರೆಸಿ, ಅಂಚಿನಲ್ಲಿ ಸೀಳಿದೆಯೇ ಎಂದು ತಂತ್ರಜ್ಞ ಬೆರಳಾಡಿಸಿ ನೋಡಿ ದಿನಚರಿ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆಯೇ ಮುಂದಿನ ಕರೆಗೆ 'ಸಿದ್ಧ' ಎಂದು ಹೇಳುವುದು.